ಬಸ್ಸಾರು ಕಲಿಯುತ್ತಿದ್ದೇನೆ: ಕಣ್ಣಳತೆಯ ಅಡುಗೆಯನ್ನು ದೂರದಿಂದ ಕಲಿಯುವ ಕ್ರಮ ಯಾವುದು?

ಪ್ರಶ್ನೆ (ಪುಣೆಯಿಂದ)

ನಾನು ಮಂಡ್ಯ ಜಿಲ್ಲೆಯವನು. ಉದ್ಯೋಗದ ನಿಮಿತ್ತ ಪುಣೆಯಲ್ಲಿ ನೆಲೆಸಿ, ಹಲವು ವರ್ಷ ಮೆಸ್ಸಿನ ಊಟ ಮಾಡಿಕೊಂಡಿದ್ದವನು ಈಚೆಗೆ ಬಾಡಿಗೆ ಮನೆ ಹಿಡಿದು ಸ್ವತಃ ಅಡುಗೆ ಮಾಡಿಕೊಳ್ಳುತ್ತಿದ್ದೇನೆ. ನಮ್ಮ ಮನೆಯಲ್ಲಿ ಬಸ್ಸಾರು ಹಬ್ಬದ ವಿಶೇಷವಲ್ಲ, ದಿನನಿತ್ಯದ ಅಡುಗೆ. ಆದರೂ ಸೊಪ್ಪನ್ನು ಬಿಡಿಸಿ, ಮಣ್ಣು ಹೋಗುವವರೆಗೆ ನೀರು ಬದಲಿಸುತ್ತಾ ತೊಳೆದು, ಬೇಳೆಯೊಂದಿಗೆ ಬೇಯಿಸಿ, ಕಟ್ಟು (ಅವು ಬೆಂದ ನೀರು) ಬಸಿದು, ಮಸಾಲೆ ಹುರಿದು ರುಬ್ಬಿ, ಸಾರಿಗೊಂದು ಪಲ್ಯಕ್ಕೊಂದು ಒಗ್ಗರಣೆ ಕೊಟ್ಟು, ಅಷ್ಟರಲ್ಲಿ ಮುದ್ದೆಯನ್ನೂ ಕಟ್ಟಿ ಬಿಸಿಯಾಗಿ ಬಡಿಸುವುದು ಎಷ್ಟು ದೊಡ್ಡ ಕೆಲಸವೆಂಬುದು ಒಲೆಯ ಮುಂದೆ ನಿಂತ ಮೇಲೆ ನನಗೆ ಮನದಟ್ಟಾಗಿದೆ. ಅಮ್ಮ ಇದನ್ನು ಕೊಟ್ಟಿಗೆಯ ಕೆಲಸದ ನಡುವೆಯೇ ಮಾಡಿ ಮುಗಿಸುತ್ತಾರೆ.

ನನ್ನ ಕೇಳಿಕೆ ಎರಡು. ಬೇಳೆ ಒಂದು ದಿನ ಕರಗಿ ಕಟ್ಟಿನೊಡನೆ ಬೆರೆತುಬಿಡುತ್ತದೆ, ಇನ್ನೊಂದು ದಿನ ಎಷ್ಟು ಹೊತ್ತಾದರೂ ಬೇಯುವುದಿಲ್ಲ, ಇದಕ್ಕೆ ಕಾರಣವೇನು? ಅಮ್ಮನಿಗೆ ಫೋನು ಮಾಡಿ ಕೇಳಿದರೆ ಹುಣಸೆಹಣ್ಣು ‘ಒಂದಿಷ್ಟು’, ಸಾರಿನಪುಡಿ ‘ನೋಡಿಕೊಂಡು’ ಎನ್ನುತ್ತಾರೆ. ಹೀಗೆ ಕಣ್ಣಳತೆಯಲ್ಲಿ ಅಡುಗೆ ಮಾಡುವ ಹಿರಿಯರಿಂದ, ದೂರದಲ್ಲಿದ್ದುಕೊಂಡು ಕಲಿಯುವುದು ಹೇಗೆ?

ಉತ್ತರ (ಹಾಸನದಿಂದ)

ಬಸ್ಸಾರಿಗೆ ಕುಕ್ಕರ್ ಬಳಸಬೇಡಿ. ತೆರೆದ ಪಾತ್ರೆಯಲ್ಲಿ ನೀರು ಕುದಿಯುವಾಗ ತೊಗರಿಬೇಳೆ ಹಾಕಿ, ಅದು ಮುಕ್ಕಾಲು ಬೆಂದ ಮೇಲೆ ಸೊಪ್ಪು ಸೇರಿಸಿ. ಒಂದು ಬೇಳೆಯನ್ನು ತೆಗೆದು ಎರಡು ಬೆರಳ ನಡುವೆ ಅದುಮಿದರೆ ಮೆತ್ತಗೆ ಹಿಸುಕಿಹೋಗಬೇಕು, ಆದರೆ ಪಾತ್ರೆಯಲ್ಲಿರುವ ಬೇಳೆ ಒಡೆಯದೆ ಬಿಡಿಬಿಡಿಯಾಗಿರಬೇಕು. ಆ ಹದ ಬಂದ ಕೂಡಲೇ ಬಸಿಯಬೇಕು. ಸ್ವಲ್ಪ ತಡವಾದರೂ ಕಟ್ಟು ಮಂದವಾಗಿ, ಪಲ್ಯ ಮುದ್ದೆಯಾಗುತ್ತದೆ.

ಬೇಳೆ ಬೇಯದಿರುವುದಕ್ಕೆ ಹೆಚ್ಚಾಗಿ ನೀರೇ ಕಾರಣ. ಬೋರ್‌ವೆಲ್ ನೀರಿನಲ್ಲಿ ಸುಣ್ಣದ ಅಂಶ ಹೆಚ್ಚಾಗಿದ್ದರೆ ಬೇಳೆಕಾಳುಗಳು ಬೇಗ ಮೆತ್ತಗಾಗುವುದಿಲ್ಲ. ಬೇಯಿಸಲು ಕುಡಿಯುವ ನೀರನ್ನೇ ಬಳಸಿ ನೋಡಿ. ಬೇಳೆ ಬಹಳ ಹಳೆಯದಾಗಿದ್ದರೂ ಹೀಗಾಗುತ್ತದೆ. ಹುಣಸೆ, ಟೊಮೆಟೊ ಯಾವುದನ್ನೂ ಬೇಳೆ ಬೇಯುವ ಮುನ್ನ ಸೇರಿಸಬಾರದು, ಏಕೆಂದರೆ ಹುಳಿ ಬಿದ್ದ ಬೇಳೆ ಗಟ್ಟಿಯಾಗಿಯೇ ಉಳಿದುಬಿಡುತ್ತದೆ.

ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸುಗಳನ್ನು ಹುರಿದುಕೊಂಡು, ಕಾಯಿತುರಿ, ಸಾರಿನಪುಡಿ, ಹುಣಸೆಯೊಡನೆ ರುಬ್ಬುವಾಗ ಬಸಿದಿಟ್ಟ ಸೊಪ್ಪು ಬೇಳೆಯಿಂದ ಒಂದು ಸೌಟು ಸೇರಿಸುವುದನ್ನು ಮರೆಯಬೇಡಿ. ಸಾರಿಗೆ ಮೈ ಬರುವುದು ಅದರಿಂದಲೇ. ನನ್ನ ದೃಷ್ಟಿಯಲ್ಲಿ ಬಸ್ಸಾರನ್ನು ಕಂಡುಹಿಡಿದ ಹೆಂಗಸರ ಜಾಣ್ಮೆಗೆ ಸಾಟಿಯಿಲ್ಲ: ಒಂದೇ ಪಾತ್ರೆಯಲ್ಲಿ ಬೆಂದದ್ದು ಸಾರೂ ಆಗುತ್ತದೆ, ಪಲ್ಯವೂ ಆಗುತ್ತದೆ, ಸೊಪ್ಪು ಬೆಂದ ನೀರು ಒಂದು ತೊಟ್ಟೂ ಚೆಲ್ಲಿಹೋಗುವುದಿಲ್ಲ.

ಉತ್ತರ (ಧಾರವಾಡದಿಂದ)

ತಮ್ಮ ಎರಡನೆಯ ಪ್ರಶ್ನೆಗೆ ನನ್ನ ಅನುಭವದಿಂದ ಉತ್ತರಿಸುತ್ತೇನೆ. ಧ್ವನಿಯ ಕರೆಯಲ್ಲಿ ಪಾಕವನ್ನು ಕೇಳಿ ಬರೆದುಕೊಳ್ಳುವುದಕ್ಕಿಂತ, ತಾಯಿಯವರು ಅಡುಗೆ ಮಾಡುವ ಹೊತ್ತಿಗೇ ವಿಡಿಯೊ ಕರೆ ಮಾಡಿ, ತಾವೂ ಅದೇ ಅಡುಗೆಯನ್ನು ಜೊತೆಜೊತೆಯಾಗಿ ಮಾಡಿರಿ. ‘ಒಂದಿಷ್ಟು’ ಎಂದವರು ಕೈಯಲ್ಲಿ ಹಿಡಿದ ಹುಣಸೆಯನ್ನು ತೋರಿಸಿದರೆ ಅಳತೆ ತಾನಾಗಿಯೇ ತಿಳಿಯುತ್ತದೆ.

ಆದರೆ ಎಲ್ಲವೂ ಅಳತೆಗೆ ಸಿಗುವುದಿಲ್ಲ. ನಾನು ಅವ್ವನಿಂದ ಜೋಳದ ರೊಟ್ಟಿ ಬಡಿಯುವುದನ್ನು ಕಲಿತವನು. ಜೋಳದ ಹಿಟ್ಟಿನಲ್ಲಿ ಗೋಧಿಹಿಟ್ಟಿನಲ್ಲಿರುವ ಅಂಟು ಇರುವುದಿಲ್ಲವಾದ್ದರಿಂದ ಕುದಿಯುವ ಎಸರನ್ನು ಹಾಕಿ ನಾದಿ ಜಿಗಿ ತರಬೇಕಾಗುತ್ತದೆ. ಹೊಸದಾಗಿ ಬೀಸಿದ ಹಿಟ್ಟು ಚೆನ್ನಾಗಿ ಕೂಡಿಕೊಂಡರೆ, ಬಹಳ ದಿನ ಇಟ್ಟ ಹಿಟ್ಟಿನ ರೊಟ್ಟಿ ಬಡಿಯುವಾಗಲೇ ಅಂಚು ಬಿರಿಯುತ್ತದೆ. ಹೀಗಾಗಿ ನಿನ್ನೆಯ ನೀರಿನ ಅಳತೆ ಇಂದಿಗೆ ಹೊಂದುವುದಿಲ್ಲ. ಅವ್ವ ಹಿಟ್ಟನ್ನು ಅಂಗೈಯಿಂದ ಒತ್ತಿ ನೋಡಿ, ಬೇಕಾದಷ್ಟೇ ನೀರು ಚಿಮುಕಿಸುತ್ತಾಳೆ. ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರಿದ ಮೇಲೆ, ಆ ನೀರು ಪೂರ್ತಿ ಆರುವ ಮೊದಲೇ ಮಗುಚಬೇಕು. ಆ ಗಳಿಗೆಯನ್ನು ಗಡಿಯಾರ ನೋಡಿ ಹೇಳಲಾಗದು. ಆದ್ದರಿಂದ ತಾಯಿಯವರು ಅಳತೆ ಹೇಳದಿದ್ದರೆ ಅದು ಅವರ ಉದಾಸೀನವೆಂದು ದಯವಿಟ್ಟು ಭಾವಿಸಬೇಡಿ. ಆ ದಿನದ ಬೇಳೆ, ಸೊಪ್ಪು, ಉರಿಗಳನ್ನು ನೋಡಿಯೇ ಅವರು ತೀರ್ಮಾನಿಸುತ್ತಾರೆ.

ಉತ್ತರ (ಬೆಂಗಳೂರಿನಿಂದ)

ಮೇಲಿನ ಸಲಹೆಗಳೆಲ್ಲ ಉಪಯುಕ್ತವಾಗಿದ್ದರೂ, ಒಂದೆರಡು ಅಡುಗೆ ಕಲಿತ ಮಾತ್ರಕ್ಕೆ ಮನೆಯ ಅಡುಗೆಯ ಬೆಲೆ ಪೂರ್ತಿ ತಿಳಿಯುತ್ತದೆಂದು ನಾನು ಒಪ್ಪಲಾರೆ. ಭಾನುವಾರದ ಬಿಡುವಿನಲ್ಲಿ ಇಷ್ಟಪಟ್ಟು ಮಾಡುವ ಬಸ್ಸಾರು ಬೇರೆ. ಮನಸ್ಸಿರಲಿ ಇಲ್ಲದಿರಲಿ, ನಾಳೆ ಬೆಳಿಗ್ಗೆಗೆ ಅಕ್ಕಿ ಉದ್ದು ನೆನೆಹಾಕುವುದು, ಹಾಲು ಉಕ್ಕದಂತೆ ಕಾಯುವುದು, ಹೆಪ್ಪು ಹಾಕುವುದು, ಉಳಿದ ಅನ್ನಕ್ಕೊಂದು ದಾರಿ ಮಾಡುವುದು, ಕಡೆಗೆ ಒಲೆಕಟ್ಟೆ ಒರೆಸುವುದು ಬೇರೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಅಡುಗೆಯೂ ಸೇರಿದಂತೆ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ ಪುರುಷರು 97 ನಿಮಿಷಗಳನ್ನೂ ಅದಕ್ಕೆ ವ್ಯಯಿಸುತ್ತಿದ್ದರು. ಅಂಥ ಕೆಲಸಕ್ಕೆ ಕೈಹಾಕುತ್ತಿದ್ದ ಪುರುಷರೇ ನೂರಕ್ಕೆ ಸುಮಾರು 26 ಮಂದಿ. ಮುಂದಿನ ರಜೆಗೆ ಊರಿಗೆ ಹೋದಾಗ ಅಡುಗೆಮನೆಯನ್ನು ಕೆಲವು ದಿನ ಪೂರ್ತಿ ತಾವೇ ವಹಿಸಿಕೊಂಡು ನೋಡಿ. ‘ಇವತ್ತು ಏನು ಮಾಡಲಿ?’ ಎಂಬ ಪ್ರಶ್ನೆಯನ್ನು ತಾಯಿಯವರಿಗೆ ಕೇಳದೆ ತಾವೇ ತೀರ್ಮಾನಿಸುವುದು ಅದರಲ್ಲಿ ಎಲ್ಲಕ್ಕಿಂತ ಕಷ್ಟದ ಭಾಗ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಕುಡಿಯುವ ನೀರಿನಲ್ಲಿ, ತೆರೆದ ಪಾತ್ರೆಯಲ್ಲಿ ಬೇಯಿಸಿದ ಬೇಳೆ ಹದವಾಗಿ ಬೆಂದಿತು; ಕಟ್ಟು ತಿಳಿಯಾಗಿ ಬಂದಿತು. ಸಂಕ್ರಾಂತಿಗೆ ಊರಿಗೆ ಹೋದಾಗ ಅಡುಗೆಮನೆಯನ್ನು ನಾನು ನೋಡಿಕೊಳ್ಳುತ್ತೇನೆಂದು ಅಮ್ಮನಿಗೆ ತಿಳಿಸಿದ್ದೇನೆ. ಅದು ಅವರೆಕಾಯಿಯ ಕಾಲವಾದ್ದರಿಂದ ಹಿತಕಿದ ಬೇಳೆಯ ಸಾರನ್ನೇ ಮಾಡಬೇಕೆಂದಿದ್ದೇನೆ. ಕಾಳನ್ನು ಎಷ್ಟು ಹೊತ್ತು ನೆನೆಸಬೇಕು?

ಉತ್ತರ (ಹಾಸನದಿಂದ)

ರಾತ್ರಿ ಸುಲಿದ ಕಾಳನ್ನು ನೀರಿನಲ್ಲಿ ಹಾಕಿಟ್ಟರೆ ಬೆಳಿಗ್ಗೆ ಹೊತ್ತಿಗೆ ಸಿಪ್ಪೆ ಸಡಿಲವಾಗಿರುತ್ತದೆ. ಹೆಬ್ಬೆರಳು ತೋರುಬೆರಳ ನಡುವೆ ಒಂದೊಂದೇ ಕಾಳನ್ನು ಹಿಡಿದು ಹಿತಕಿ. ಮನೆಯವರೆಲ್ಲರನ್ನೂ ಕೂರಿಸಿಕೊಳ್ಳಿ, ಒಬ್ಬರ ಕೈಯಲ್ಲಿ ಬೇಗ ಸಾಗುವ ಕೆಲಸವಲ್ಲ ಅದು.