ಪದಚರ್ಚೆ: ‘ಸಿಂಥೆಟಿಕ್ ಟೀಕ್ ಡೆಕ್’ಗೆ ಕನ್ನಡ ಏನು? ನಾಳೆ ಸಂಜೆಯೊಳಗೆ ಬೇಕು

ಹಾಸನದಿಂದ:

ಬಳಗದ ಎಲ್ಲರಿಗೂ ನಮಸ್ಕಾರ. ಅವಸರದ ಪ್ರಶ್ನೆ. ನನ್ನ ಅಣ್ಣನ ಮಗ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿದ್ದಾನೆ. ಇಬ್ಬರು ಗೆಳೆಯರ ಜೊತೆ ಸೇರಿ ಒಂದು ಹಳೆಯ ಹಾಯಿದೋಣಿ ಕೊಂಡ. ಅದರ ಡೆಕ್ಕನ್ನು, ಅಂದರೆ ದೋಣಿಯ ಮೇಲೆ ಓಡಾಡುವ ನೆಲವನ್ನು, ಪೂರ್ತಿ ಕಿತ್ತು ಹೊಸದಾಗಿ ಮಾಡಿದ್ದಾನೆ. ಆ ಕೆಲಸದ ಬಗ್ಗೆ ಅವನು ಬರೆದ ನಾಲ್ಕು ಪುಟವನ್ನು ಇಲ್ಲಿನ ಒಂದು ಸ್ಮರಣ ಸಂಚಿಕೆಗೆ ಕನ್ನಡ ಮಾಡುತ್ತಿದ್ದೇನೆ. ಪ್ರೆಸ್ಸಿನವರು ನಾಳೆ ಸಂಜೆ 4ಕ್ಕೆ ಪುಟ ಮುಗಿಸುತ್ತಾರಂತೆ.

ಸಿಕ್ಕಿಕೊಂಡಿರುವುದು ಮೂರು ಕಡೆ. ಡೆಕ್, ಸಿಂಥೆಟಿಕ್ ಟೀಕ್, ಮತ್ತೆ ಒಳಗೊಳಗೇ ಕೊಳೆತ ಮರಕ್ಕೆ ಒಂದು ಮಾತು.

ವಿಷಯ ಹೀಗಿದೆ. ದೋಣಿಯ ಮೈ ಫೈಬರ್‌ಗ್ಲಾಸ್. ಡೆಕ್ಕಿನಲ್ಲಿ ಮಾತ್ರ ಮೇಲೊಂದು ಫೈಬರ್ ಪದರ, ಕೆಳಗೊಂದು ಪದರ, ನಡುವೆ ಬಾಲ್ಸಾ ಎನ್ನುವ ಹಗುರ ಮರ. ಅದರ ಮೇಲೆ ತೇಗದ ಪಟ್ಟಿಗಳನ್ನು ಸ್ಕ್ರೂ ಹೊಡೆದು ಕೂರಿಸಿ, ಸಂದಿಗೆ ಕಪ್ಪು ರಬ್ಬರಿನಂಥ ಅಂಟು ತುಂಬಿದ್ದರು. 1970-80ರ ದಶಕದ ದೋಣಿಗಳಲ್ಲಿ ಇದು ಮಾಮೂಲು. ಒಂದೊಂದು ಸ್ಕ್ರೂ ಅಂದರೆ ಒಂದೊಂದು ತೂತು. ತೇಗ ಸವೆದು ತೆಳ್ಳಗಾಗುತ್ತದೆ, ಅಂಟು ಬಿಡುತ್ತದೆ, ನೀರು ಸ್ಕ್ರೂ ಹಿಡಿದು ಇಳಿಯುತ್ತದೆ. ಬಾಲ್ಸಾ ಕೊಳೆಯುತ್ತದೆ. ಮೇಲಿಂದ ಏನೂ ಕಾಣುವುದಿಲ್ಲ. ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಹೋಗಬೇಕು. ಗಟ್ಟಿ ಇರುವಲ್ಲಿ ಟಣ್ ಅನ್ನುತ್ತದೆ, ಕೊಳೆತ ಕಡೆ ಬದ್ ಅನ್ನುತ್ತದೆ. ಹಲಸಿನ ಹಣ್ಣು ತಟ್ಟಿ ನೋಡಿದ ಹಾಗೆ. ಈ ಹೋಲಿಕೆ ಮೂಲದಲ್ಲಿಲ್ಲ, ನಾನು ಸೇರಿಸಿದ್ದು.

ಈಗ ತೇಗದ ಬದಲು ಪಿವಿಸಿ ಎನ್ನುವ ಪ್ಲಾಸ್ಟಿಕ್ಕಿನ ಹಾಳೆ ಅಂಟಿಸಿದ್ದಾರೆ. ತೇಗದ್ದೇ ಬಣ್ಣ, ನಡುನಡುವೆ ಕಪ್ಪು ಗೆರೆ. ಸ್ಕ್ರೂ ಒಂದೂ ಇಲ್ಲ. ಇದನ್ನು ‘ಕೃತಕ ತೇಗ’ ಅನ್ನಲೇ?

ಚಿಕ್ಕಮಗಳೂರಿನಿಂದ:

‘ಕೃತಕ’ ಬೇಡ. ಸಂಸ್ಕೃತ. ‘ಹುಸಿತೇಗ’ ಅನ್ನಿ. ಸ್ಕ್ರೂ ಅಲ್ಲ, ತಿರುಪು.

ಅರಸೀಕೆರೆಯಿಂದ:

ಹುಸಿತೇಗ ಅಂದರೆ ಊಟ ಮಾಡದೆ ತೇಗಿದ ಹಾಗೆ ಕೇಳುತ್ತದೆ. ಮುಂದಿನದು ಹೇಳಿ.

ಸಕಲೇಶಪುರದಿಂದ:

ಮೇಷ್ಟ್ರೇ, ನಿಮ್ಮ ಮೂರನೆಯ ಪ್ರಶ್ನೆಗೆ ಮೊದಲು ಹೇಳಿಬಿಡುತ್ತೇನೆ. ‘ಕುಂಬು’. ನಮ್ಮ ಕಡೆ ಮಳೆಗಾಲ ತಿಂದ ಮರಕ್ಕೆ ಕುಂಬಾಗಿದೆ ಅಂತೀವಿ. ತೊಲೆ ನೋಡಲು ಚೆನ್ನಾಗಿಯೇ ಇರುತ್ತದೆ. ಬೆರಳಿಟ್ಟು ಒತ್ತಿದರೆ ಒಳಗೆ ಹೋಗುತ್ತದೆ. ‘ಕೊಳೆತ’ ಎಂದರೆ ತರಕಾರಿ ನೆನಪಾಗುತ್ತದೆ. ‘ಬಾಲ್ಸಾ ಕುಂಬಾಗಿತ್ತು’ ಅಂತ ಬರೆಯಿರಿ, ಮಲೆನಾಡಿನವರಿಗೆ ಚಿತ್ರ ಕಣ್ಣಿಗೆ ಕಟ್ಟುತ್ತದೆ.

ಡೆಕ್ಕಿಗೆ ‘ಮುಚ್ಚಿಗೆ’ ಆಗಬಹುದಲ್ವಾ? ನಮ್ಮ ಹಳೇ ಮನೆಯಲ್ಲಿ ಜಂತೆಯ ಮೇಲೆ ಹಲಗೆ ಜೋಡಿಸಿ ಮಾಡಿದ ಮುಚ್ಚಿಗೆ ಇದೆ. ದೋಣಿಯಲ್ಲೂ ಇರುವುದು ಅದೇ ತಾನೇ?

ಅರಸೀಕೆರೆಯಿಂದ:

ಕುಂಬು ಒಪ್ಪಿದೆ, ಅಕ್ಕ. ಮುಚ್ಚಿಗೆ ಒಪ್ಪಲಿಲ್ಲ. ಮುಚ್ಚಿಗೆ ತಲೆಯ ಮೇಲಿರುತ್ತದೆ. ಡೆಕ್ಕು ಕಾಲ ಕೆಳಗಿರುತ್ತದೆ. ಡೆಕ್ ಅಂತಲೇ ಬಿಡಿ.

ಸಕಲೇಶಪುರದಿಂದ:

ನಿಮ್ಮದು ಬಯಲುಸೀಮೆ ಮನೆ, ಅದಕ್ಕೇ ಹೀಗೆ ಹೇಳುತ್ತಿದ್ದೀರಿ. ನಮ್ಮಲ್ಲಿ ಮುಚ್ಚಿಗೆಯ ಮೇಲೆ ಓಡಾಡುತ್ತೇವೆ. ಅಲ್ಲೇ ಮೆಣಸಿನ ಮೂಟೆ, ಹಳೇ ಪಾತ್ರೆ ಎಲ್ಲ ಇಡುವುದು. ಕೆಳಗೆ ನಿಂತು ನೋಡಿದರೆ ಮುಚ್ಚಿಗೆ, ಮೇಲೆ ಹತ್ತಿ ನಿಂತರೆ ಅಟ್ಟ. ಹಲಗೆ ಒಂದೇ.

ತರೀಕೆರೆಯಿಂದ:

ಅಕ್ಕಾವ್ರು ಗೊತ್ತಿಲ್ಲದೆಯೇ ಸರಿಯಾದ ಜಾಗಕ್ಕೆ ಕೈ ಹಾಕಿದ್ದಾರೆ. ‘ಡೆಕ್’ ಇಂಗ್ಲಿಷಿಗೆ ಬಂದದ್ದು ಡಚ್ಚರ ಕಡೆಯಿಂದ. ಅಲ್ಲಿ ಅದರ ಅರ್ಥ ಹೊದಿಕೆ, ಮುಚ್ಚಳ, ಮಾಡು. ಹುಲ್ಲು ಹೊದಿಸುವುದಕ್ಕೆ ಇಂಗ್ಲಿಷಿನಲ್ಲಿ ‘ಥ್ಯಾಚ್’ ಅಂತಾರಲ್ಲ, ಅದೂ ಇದೇ ಮನೆತನದ್ದು. ಮೊದಲು ಅದು ದೋಣಿಯ ಬಾಯಿ ಮುಚ್ಚುವ ವಸ್ತು. ಕಾಲಿಡುವ ನೆಲ ಎನ್ನುವ ಅರ್ಥ ಆಮೇಲೆ ಬಂತು. ಅಲ್ಲಿ ಮುಚ್ಚಿದ್ದೇ ಡೆಕ್, ಇಲ್ಲಿ ಮುಚ್ಚಿದ್ದೇ ಮುಚ್ಚಿಗೆ.

ಇನ್ನು ‘ಟೀಕ್’. ಅದು ನಮ್ಮದೇ. ಮಲಯಾಳದ ತೇಕ್ಕು ಪೋರ್ಚುಗೀಸರ ಬಾಯಲ್ಲಿ ‘ತೆಕಾ’ ಆಗಿ, ಇಂಗ್ಲಿಷಿನಲ್ಲಿ ‘ಟೀಕ್’ ಆಯಿತು. ತಮಿಳಿನ ತೇಕ್ಕು, ನಮ್ಮ ತೇಗ ಎಲ್ಲ ಒಂದೇ ಬೇರು. ಮರವೂ ಇಲ್ಲಿಂದಲೇ ಹೋಗುತ್ತಿತ್ತು. 1817ರಲ್ಲಿ ಮುಂಬೈಯಲ್ಲಿ ಮಲಬಾರಿನ ತೇಗದಿಂದ ಕಟ್ಟಿದ ‘ಟ್ರಿಂಕಾಮಲಿ’ ಎನ್ನುವ ಯುದ್ಧದ ಹಡಗು ಈಗಲೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ತೇಲುತ್ತಿದೆ. ನಮ್ಮ ಲಕ್ಕವಳ್ಳಿಯ ಕಡೆ ಬನ್ನಿ, ಭದ್ರಾ ಕಾಡಿನ ಜಾಗರ ಕಣಿವೆಯಲ್ಲಿ ಒಂದು ತೇಗದ ಮರ ತೋರಿಸುತ್ತೇನೆ. 300 ವರ್ಷಕ್ಕೂ ಹಳೆಯದು ಅಂತಾರೆ. ಅದರ ಮುಂದೆ ನಿಂತು ಪ್ಲಾಸ್ಟಿಕ್ಕಿಗೆ ‘ತೇಗ’ ಅನ್ನಿ ನೋಡೋಣ.

ಅರಸೀಕೆರೆಯಿಂದ:

ಸಾರ್, ಮರದ ಮುಂದೆ ನಿಲ್ಲಿಸಿ ಹೆದರಿಸಬೇಡಿ. ನಾನು ಮರದ ಮಿಲ್ಲಿನವನು. ನನ್ನ ಹತ್ತಿರ ಬರುವವರಲ್ಲಿ ಅರ್ಧ ಜನ ‘ಟೀಕ್’ ಅಂತಾರೆ. ಕೆಲವರು ‘ಸಾಗುವಾನಿ’ ಅಂತಾರೆ. ಹಳ್ಳಿಯವರು ಕೇಳುವುದು ‘ತ್ಯಾಗದ ಬಾಗಿಲು’. ಬೇಲೂರನ್ನು ಬ್ಯಾಲೂರು ಅನ್ನುವ ಬಾಯಲ್ಲಿ ತೇಗ ಹಾಗಾಗುತ್ತದೆ. ಬೆಲೆ ಕೇಳಿದ ಮೇಲೆ ಆ ಹೆಸರೇ ಸರಿ ಅನ್ನಿಸುತ್ತದೆ. ಒಬ್ಬರಾದರೂ ಬೇರು ಯಾವುದು ಅಂತ ಕೇಳಿಲ್ಲ.

ಚಿಕ್ಕಮಗಳೂರಿನಿಂದ:

ಮಿಲ್ಲಿನಲ್ಲಿ ಕೇಳದಿದ್ದರೆ ಇಲ್ಲಿ ಕೇಳಬಾರದೇ? ಈ ಬಳಗ ಇರುವುದೇ ಅದಕ್ಕೆ. ಮನೆಯಲ್ಲಿ ಪದ ಇದ್ದೂ ಸಾಲ ತರುವುದು ಸೋಮಾರಿತನ. ದೋಣಿಯ ಮಾತಿನಲ್ಲಿ ನಾವೇನು ಬಡವರೇ? ದೋಣಿ, ತೆಪ್ಪ, ಹರಿಗೋಲು, ಹುಟ್ಟು, ಹಾಯಿ, ಅಂಬಿಗ, ಚುಕ್ಕಾಣಿ, ಲಂಗರು.

ತರೀಕೆರೆಯಿಂದ:

ಚುಕ್ಕಾಣಿ ಅರಬ್ಬಿಯ ‘ಸುಕ್ಕಾನ್’. ಲಂಗರು ಪಾರಸಿ. ಅವೆರಡು ಬಂದು ನಿಲ್ಲುವ ಬಂದರೂ ಪಾರಸಿ. ಪಟ್ಟಿ ತಿದ್ದಿಕೊಳ್ಳಿ. ಹಾಯಿ ನಮ್ಮದೇ. ತಮಿಳಿನಲ್ಲಿ ‘ಪಾಯ್’ ಅಂದರೆ ಚಾಪೆಯೂ ಹೌದು, ಹಾಯಿಯೂ ಹೌದು.

ಚಿಕ್ಕಮಗಳೂರಿನಿಂದ:

ಅವು ಕನ್ನಡದ ನೀರು ಕುಡಿದು ಬೆಳೆದಿವೆ. ‘ಡೆಕ್’ ಇನ್ನೂ ದಡದಲ್ಲೇ ನಿಂತಿದೆ.

ಮೂಡಿಗೆರೆಯಿಂದ:

ಕನ್ನಡದ ನೀರು ಎಷ್ಟು ಲೋಟ ಕುಡಿಯಬೇಕು ಅಂತ ಅಳತೆ ಹೇಳಿ, ಸಾರ್. ನಮ್ಮ ತೋಟದಲ್ಲಿ ನೋಡಿ. ‘ಕಾಫಿ’ ಅರಬ್ಬಿ. ‘ಎಸ್ಟೇಟು’, ಹಣ್ಣಿನ ಸಿಪ್ಪೆ ಬಿಡಿಸುವ ‘ಪಲ್ಪರ್’ ಇಂಗ್ಲಿಷು. ತೋಟದ ಲೆಕ್ಕ ಬರೆಯುವ ರೈಟರನ್ನು ನಾಳೆ ಬೆಳಗ್ಗೆ ‘ಬರೆಗಾರರೇ’ ಅಂತ ಕರೆದರೆ ಆಳುಗಳೆಲ್ಲ ಕೆಲಸ ಬಿಟ್ಟು ನಗುತ್ತಾರೆ. ನೆರಳಿಗೆ ಹಾಕಿರುವ, ಮೆಣಸಿನ ಬಳ್ಳಿ ಹಬ್ಬಿಸಿರುವ ಸಿಲ್ವರ್ ಓಕ್ ಓಕೇ ಅಲ್ಲ. ಆಸ್ಟ್ರೇಲಿಯಾದ ಬೇರೆಯೇ ಜಾತಿಯ ಮರ. ಕೊಯ್ದ ಹಲಗೆಯ ಮೈ ಓಕಿನ ತರ ಕಾಣುತ್ತದೆ ಅಂತ ಆ ಹೆಸರು. ನಾವು ಓಕನ್ನೂ ಕೈಬಿಟ್ಟು ಬರೀ ‘ಸಿಲ್ವರ್’ ಅಂತೀವಿ. ಇಷ್ಟು ವರ್ಷದಲ್ಲಿ ಒಬ್ಬರೂ ‘ಹುಸಿ ಓಕ್’ ಅನ್ನಲಿಲ್ಲ. ಪುಡಿಗೆ ಚಿಕೋರಿ ಸೇರಿಸಿದರೂ ಅದು ಕಾಫಿಯೇ.

ಚಿಕ್ಕಮಗಳೂರಿನಿಂದ:

ಚಿಕೋರಿ ಹಾಕಿದ್ದನ್ನು ನಾನು ಕಾಫಿ ಅನ್ನುವುದಿಲ್ಲ. ಕಿಟ್ಟೆಲ್ ನಿಘಂಟು ತೆಗೆದು ‘ಹುಸಿ’ ಎಷ್ಟು ಪದಕ್ಕೆ ಹತ್ತುತ್ತದೆ ನೋಡಿ, ಆಮೇಲೆ ಮಾತಾಡಿ.

ಅರಸೀಕೆರೆಯಿಂದ:

ಕಿಟ್ಟೆಲ್ 1894ರಲ್ಲಿ ನಿಘಂಟು ತಂದಾಗ ದೋಣಿಗೆ ಪಿವಿಸಿ ಅಂಟಿಸುವವರು ಇರಲಿಲ್ಲ. ಸಾಕು.

ಹಾಸನದಿಂದ:

ಸ್ವಾಮಿ, ಮಧ್ಯಾಹ್ನ 12 ಆಯಿತು. ಪ್ರೆಸ್ಸಿನಿಂದ ಎರಡು ಸಲ ಫೋನು ಬಂತು. ಕುಂಬು ತೆಗೆದುಕೊಂಡೆ. ಮುಚ್ಚಿಗೆಯೂ ಮನಸ್ಸಿಗೆ ಬಂದಿದೆ. ತೇಗದ ಜಗಳಕ್ಕೆ ಅಣ್ಣನ ಮಗ ಬರೆದ ಒಂದು ಭಾಗ ಹೇಳುತ್ತೇನೆ, ಉಪಯೋಗ ಆದೀತು.

ಈ ಹಾಳೆ ಹಾಕುವುದು ಹೀಗೆ. ಮೊದಲು ಡೆಕ್ಕಿನ ಮೇಲೆ ಪ್ಲಾಸ್ಟಿಕ್ ಪೊರೆ ಹರಡಿ, ಅಂಚು, ಕಿಂಡಿ, ಕಂಬದ ಬುಡ ಎಲ್ಲದರ ಅಳತೆ ಗೀಚಿಕೊಳ್ಳುತ್ತಾರೆ. ದರ್ಜಿ ಮಾದರಿ ಕತ್ತರಿಸಿದ ಹಾಗೆ. ವರ್ಕ್‌ಶಾಪಿನಲ್ಲಿ ಆ ಮಾದರಿಯ ಮೇಲೆ ಪಟ್ಟಿಗಳನ್ನಿಟ್ಟು, ಬಿಸಿಯಿಂದ ಬೆಸೆದು, ಒಂದೊಂದು ಭಾಗಕ್ಕೆ ಒಂದೊಂದು ದೊಡ್ಡ ಹಾಳೆ ಮಾಡುತ್ತಾರೆ. ದೋಣಿಗೆ ತಂದು, ಅಂಟು ಬಳಿದು, ಮೇಲೆ ಭಾರ ಹೇರಿ ಬಿಡುತ್ತಾರೆ. ಅದಕ್ಕೂ ಮೊದಲು ಹಳೆಯ ತೂತುಗಳನ್ನೆಲ್ಲ ಎಪಾಕ್ಸಿ ಎನ್ನುವ ಗಟ್ಟಿ ಅಂಟಿನಿಂದ ತುಂಬಬೇಕು, ಕುಂಬು ಕೆತ್ತಿ ಹೊಸ ಬಾಲ್ಸಾ ಕೂರಿಸಬೇಕು. ಅವನ ಪುಟಗಳಲ್ಲಿ ಮೂರು ಈ ರಿಪೇರಿಗೇ ಹೋಗಿವೆ. ಹಾಳೆ ಅಂಟಿಸಿದ್ದು ಒಂದೇ ಪುಟ.

ನನಗೆ ಹಿಡಿಸಿದ್ದು ಕಪ್ಪು ಗೆರೆಯ ವಿಷಯ. ನಿಜವಾದ ತೇಗದಲ್ಲಿ ಆ ಗೆರೆಗೆ ಕೆಲಸ ಇದೆ. ಮರ ಹಿಗ್ಗಿ ಕುಗ್ಗಿದಾಗ ಜೊತೆಗೆ ಎಳೆದುಕೊಳ್ಳುವುದು, ನೀರು ತಡೆಯುವುದು ಅದೇ. ಪಿವಿಸಿಯಲ್ಲಿ ಅದಕ್ಕೆ ಅಂಥ ಕೆಲಸ ಇಲ್ಲ. ಸುಮ್ನೆ ನೋಟಕ್ಕೆ. ಬಿಸಿಲಿಗೆ ಹಾಳೆ ತೇಗಕ್ಕಿಂತ ಜಾಸ್ತಿ ಕಾಯುತ್ತದೆ, ಬರಿಗಾಲಿಡಲು ಆಗುವುದಿಲ್ಲ ಅಂತಲೂ ಬರೆದಿದ್ದಾನೆ. ಅದಕ್ಕೇ ತಿಳಿ ಬಣ್ಣದ್ದು ಆರಿಸಿದ್ದಾರೆ. ತೇಗ ವರ್ಷಗಟ್ಟಲೆ ಬಿಸಿಲು ಮಳೆ ತಿಂದು ಬೂದಿ ಬಣ್ಣಕ್ಕೆ ತಿರುಗುತ್ತದಲ್ಲ, ಆ ಬೂದಿ ಬಣ್ಣದಲ್ಲೂ ಹಾಳೆ ಸಿಗುತ್ತದಂತೆ.

ಹಾಗಾಗಿ ಚಿಕ್ಕಮಗಳೂರಿನವರೇ, ‘ಹುಸಿ’ ಬಿಸಾಡುವುದಿಲ್ಲ. ತೇಗಕ್ಕೆ ಹಚ್ಚದೆ ಗೆರೆಗೆ ಹಚ್ಚುತ್ತೇನೆ. ‘ಹುಸಿಗೆರೆ’. ಅದು ನಿಜವಾಗಿಯೂ ಹುಸಿ. ವಸ್ತುವಿಗೆ ‘ತೇಗದ ಬಣ್ಣದ ಪ್ಲಾಸ್ಟಿಕ್ ಹಾಸು’ ಅಂತ ಮೊದಲ ಸಲ ಬರೆದು, ಆಮೇಲೆ ಬರೀ ‘ಹಾಸು’ ಅಂತ ಬಿಡುತ್ತೇನೆ. ನೆಲಹಾಸು, ಹಾಸುಗಲ್ಲು ಎಲ್ಲರಿಗೂ ಗೊತ್ತು. ‘ಹಲಗೆ’ ಮಾತ್ರ ಬರೆಯುವುದಿಲ್ಲ, ಅಲ್ಲಿ ಹಲಗೆಯೇ ಇಲ್ಲ.

ಚಿಕ್ಕಮಗಳೂರಿನಿಂದ:

‘ಪ್ಲಾಸ್ಟಿಕ್’?

ಹಾಸನದಿಂದ:

ಪ್ಲಾಸ್ಟಿಕ್.

ಮೂಡಿಗೆರೆಯಿಂದ:

ಮೇಷ್ಟ್ರೇ, ಒಂದೇ ಸಂಶಯ. ತೇಗ ಅಷ್ಟು ಒಳ್ಳೆಯದಾದರೆ ತೇಗವನ್ನೇ ಯಾಕೆ ಹಾಕಲಿಲ್ಲ?

ಹಾಸನದಿಂದ:

ದುಡ್ಡು. ಮತ್ತೆ ದೋಣಿಗೆ ಒಳ್ಳೆಯದು ಅಂತ ಹೆಸರಾದ ತೇಗ ಬರ್ಮಾದ್ದು. 2021ರ ಸೇನಾ ದಂಗೆ ಆದ ಮೇಲೆ ಯೂರೋಪಿನ ದೇಶಗಳು ಅಲ್ಲಿನ ಸರ್ಕಾರಿ ಮರದ ವ್ಯಾಪಾರಕ್ಕೆ ದಿಗ್ಬಂಧನ ಹಾಕಿವೆ.

ತರೀಕೆರೆಯಿಂದ:

ನೆಟ್ಟು ಬೆಳೆಸಿದ ತೋಪಿನ ತೇಗ ಹಾಕಬಹುದಿತ್ತು. ಇರಲಿ. ‘ಮುಚ್ಚಿಗೆ’ಗೆ ಒಂದು ಅಡಿಟಿಪ್ಪಣಿ ಹಾಕಿ, ಡಚ್ ಮೂಲದ್ದು. ನಾಲ್ಕೇ ಸಾಲು ಸಾಕು.

ಹಾಸನದಿಂದ:

ಜಾಗ ಇಲ್ಲ, ಸಾರ್.

ಹಾಸನದಿಂದ:

ಪುಟ ಹೋಯಿತು. ಎಲ್ಲರಿಗೂ ಧನ್ಯವಾದ. ಸಕಲೇಶಪುರದ ಅಕ್ಕನಿಗೆ ಎರಡು ಪ್ರತಿ ಕಳಿಸುತ್ತೇನೆ. ತಲೆಬರಹ ‘ಹಳೇ ಹಾಯಿದೋಣಿಗೆ ಹೊಸ ಮುಚ್ಚಿಗೆ’. ಒಳಗಡೆ ಒಂದು ಕಡೆ ಮಾತ್ರ ಪ್ರೆಸ್ಸಿನ ಹುಡುಗ ‘ಮುಚ್ಚಿಕೆ’ ಅಂತ ಟೈಪ್ ಮಾಡಿದ್ದಾನೆ, ನನಗೆ ಈಗ ಕಂಡಿತು.

ಚಿಕ್ಕಮಗಳೂರಿನಿಂದ:

‘ಮುಚ್ಚಿಕೆ’ಯೇ ಸರಿ. ‘-ಇಕೆ’ ಪ್ರತ್ಯಯ. ಹುಡುಗನಿಗೆ ವ್ಯಾಕರಣ ಗೊತ್ತಿದೆ.

ಸಕಲೇಶಪುರದಿಂದ:

ನಮ್ಮ ಮನೆಯದು ಮುಚ್ಚಿಗೆ.