ಅಪ್‌ಡೇಟ್: ಪೇಪರ್ ಕೊನೆಗೂ ಆರ್ಕೈವ್ ಸೇರಿತು

ಡಿಎಸ್‌ಟಿ (ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ) ದುಡ್ಡಲ್ಲಿ ಮಾಡಿದ ಕೆಲಸದ ಪೇಪರನ್ನು, ಯಾರು ಬೇಕಾದರೂ ಪುಕ್ಕಟೆ ಓದಬಹುದಾದ ಕಾಲೇಜಿನ ಓಪನ್ ಆರ್ಕೈವ್‌ಗೆ ಹಾಕಿದರೆ ಜರ್ನಲ್‌ನವರು ತಕರಾರು ಮಾಡ್ತಾರಾ ಅಂತ ಕೇಳಿದ್ದೆನಲ್ಲ, ಹಾಕಿದ್ದಾಯಿತು. ನೀವು ಹೇಳಿದ ಹಾಗೆ ಡಿಬಿಟಿ (ಜೈವಿಕ ತಂತ್ರಜ್ಞಾನ ಇಲಾಖೆ) ಮತ್ತು ಡಿಎಸ್‌ಟಿ ಸೇರಿ ಮಾಡಿದ 2014ರ ಓಪನ್ ಆಕ್ಸೆಸ್ ನೀತಿ ಓದಿದೆ. ಅದು ಕೇಳುವುದು ಜರ್ನಲ್‌ನ ಅಂದವಾದ ಪಿಡಿಎಫ್ ಅಲ್ಲ, ರಿವ್ಯೂ ತಿದ್ದುಪಡಿ ಮುಗಿದು ಒಪ್ಪಿಗೆಯಾದ ನಮ್ಮದೇ ಪ್ರತಿ. ಆ ಫೈಲ್ ಹುಡುಕುವುದೇ ದೊಡ್ಡ ತಲೆನೋವು! ‘ಫೈನಲ್’, ‘ಫೈನಲ್ ಹೊಸದು’, ‘ಫೈನಲ್ ಸರ್ ನೋಡಿದ್ದು’... ಸರಿಯಾದದ್ದು ಜರ್ನಲ್‌ನ ಸಬ್ಮಿಷನ್ ಪೋರ್ಟಲ್‌ನಲ್ಲೇ ಸಿಕ್ಕಿತು.

ನಮ್ಮ ಜರ್ನಲ್‌ಗೆ 12 ತಿಂಗಳ ಎಂಬಾರ್ಗೋ ಇದೆ, ಅಂದರೆ ಅಷ್ಟು ದಿನ ಪೂರ್ತಿ ಪೇಪರನ್ನು ಎಲ್ಲರಿಗೂ ತೆರೆದಿಡುವಂತಿಲ್ಲ. ಜಾಸ್ತಿಯೇ ಅನ್ನಿ. ಲೈಬ್ರರಿ ಮೇಡಂ ಫೈಲನ್ನು ಈಗಲೇ ಹಾಕಿ ಲಾಕ್ ಮಾಡಿಟ್ಟರು. ಸದ್ಯಕ್ಕೆ ಶೀರ್ಷಿಕೆ, ಸಾರಾಂಶ ಮಾತ್ರ ಕಾಣುತ್ತದೆ. ಬೇಕಾದವರು ‘ರಿಕ್ವೆಸ್ಟ್ ಕಾಪಿ’ ಬಟನ್ ಒತ್ತಿದರೆ ನನಗೆ ಮೇಲ್ ಬರುತ್ತದೆ. ನಿನ್ನೆ ಧಾರವಾಡದ ವಿದ್ಯಾರ್ಥಿನಿಯೊಬ್ಬರು ಕೇಳಿದ್ದರು, ಕಳಿಸಿದೆ.