ಅಪ್ಪ-ಅಮ್ಮನ ಜೊತೆ ಜಪಾನಿಗೆ ಎರಡು ವಾರ: ಊಟ, ಮಂಡಿನೋವು, ಮಾತ್ರೆ – ತಿಳಿದವರು ಹೇಳಿ

ತುಂಗೆಯ ದಡ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನವೆಂಬರ್ ಮೊದಲ ವಾರ ಅಪ್ಪ, ಅಮ್ಮ, ನಾನು ಮೂವರೂ ಜಪಾನಿಗೆ ಹೊರಟಿದ್ದೇವೆ. ವೀಸಾ ಬಂದಿದೆ, ಬೆಂಗಳೂರಿನಿಂದ ನರಿತಾಗೆ ನೇರ ವಿಮಾನದ ಟಿಕೆಟ್ಟೂ ಆಗಿದೆ. ಟೋಕಿಯೋದಲ್ಲಿ ಐದು ದಿನ, ಕ್ಯೋಟೋದಲ್ಲಿ ಆರು ದಿನ, ಮತ್ತೆ ಟೋಕಿಯೋಗೆ ಬಂದು ಊರಿಗೆ ಅಂತ ಲೆಕ್ಕ.

ಅಪ್ಪನಿಗೆ 68. ಬಿ.ಪಿ., ಶುಗರ್ ಎರಡೂ ಇವೆ, ರಾತ್ರಿ ಇನ್ಸುಲಿನ್ ಪೆನ್ ತಗೋತಾರೆ. ಅಮ್ಮನಿಗೆ 63, ಮಂಡಿನೋವು. ಮೆಟ್ಟಿಲು ಹತ್ತುತ್ತಾರೆ, ಇಳಿಯೋದು ಕಷ್ಟ. ಇಬ್ಬರೂ ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿಗಳು. ಅಮ್ಮ ಹೊರಗಡೆ ಈರುಳ್ಳಿ ಬೆಳ್ಳುಳ್ಳಿ ಇದ್ದರೆ ಸುಧಾರಿಸಿಕೊಳ್ಳುತ್ತಾರೆ, ಆದರೆ ಮೀನು ಮಾಂಸದ ವಿಷಯದಲ್ಲಿ ಇಲ್ಲವೇ ಇಲ್ಲ. ಅಪ್ಪ ನಲವತ್ತು ವರ್ಷ ಶಾಲೆಯಲ್ಲಿ ಭೂಗೋಳ ಪಾಠ ಮಾಡಿದವರು. ಫ್ಯೂಜಿ ಪರ್ವತವನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದಾರೋ, ಕಣ್ಣಾರೆ ನೋಡಬೇಕು ಅನ್ನೋದು ಅವರ ಆಸೆ.

ನನ್ನ ಪ್ರಶ್ನೆಗಳು: ಇವರು ಏನು ತಿನ್ನಬಹುದು? ಮೂರು ದೊಡ್ಡ ಸೂಟ್‌ಕೇಸ್ ಹೊತ್ತು ರೈಲು ಹತ್ತಿ ಇಳಿಯೋದು ಹೇಗೆ? ಮಾತ್ರೆಗಳಿಗೆ ಏನಾದರೂ ಪರವಾನಗಿ ಬೇಕಾ? ಜೆ.ಆರ್. ಪಾಸ್ (ಇಂತಿಷ್ಟು ದಿನ ಜಪಾನಿನ ರೈಲುಗಳಲ್ಲಿ ಓಡಾಡಲು ಒಂದೇ ಟಿಕೆಟ್ಟು) ತಗೊಳ್ಳಲಾ? ಇಂಥ ಹಿರಿಯರನ್ನು ಕರೆದುಕೊಂಡು ಹೋಗಿ ಬಂದವರು ಏನು ಹೇಳಿದರೂ ಬರೆದಿಟ್ಟುಕೊಳ್ತೀನಿ.

ರೈಲುಪ್ರಿಯ ಮೈಸೂರು

ಪಾಸ್ ಬೇಡ. ಏಳು ದಿನದ ಪಾಸಿನ ಬೆಲೆ 2023ರ ಅಕ್ಟೋಬರಿನಲ್ಲಿ 29,650 ಯೆನ್‌ನಿಂದ 50,000ಕ್ಕೆ ಏರಿತು. ಟೋಕಿಯೋದಿಂದ ಕ್ಯೋಟೋಗೆ ನೊಜೊಮಿ ಅನ್ನುವ ಬುಲೆಟ್ ರೈಲಿನಲ್ಲಿ ಸೀಟು ಕಾದಿರಿಸಿದರೂ ಒಬ್ಬರಿಗೆ 14,000 ಆಸುಪಾಸು. ಹೋಗಿ ಬಂದರೂ ಪಾಸಿನ ಹತ್ತಿರ ಬರಲ್ಲ.

ನಿಮ್ಮ ತಂದೆಯವರಿಗೆ ಫ್ಯೂಜಿ ಕಾಣಬೇಕಾದರೆ ಕ್ಯೋಟೋ ಕಡೆ ಹೋಗುವಾಗ ಇ ಸೀಟು ಕೇಳಿ, ಅದು ಬಲಗಡೆ ಕಿಟಕಿ. ಪಕ್ಕದ ಡಿ ಅಮ್ಮನಿಗೆ. ಟೋಕಿಯೋ ಬಿಟ್ಟು ಮುಕ್ಕಾಲು ಗಂಟೆಯೊಳಗೆ ಬರುತ್ತದೆ, ಆಗ ನಿದ್ದೆ ಮಾಡಲು ಬಿಡಬೇಡಿ. ಬೆಳಗಿನ ರೈಲಾದರೆ ಮೋಡ ಕಡಿಮೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರ ಕೂಡಿಸಿ 160 ಸೆಂ.ಮೀ. ದಾಟಿದರೆ ಅದಕ್ಕೆ ಜಾಗವಿರುವ ಸೀಟನ್ನೇ ಮೊದಲು ಕಾದಿರಿಸಬೇಕು. ಅದಕ್ಕೆ ಹೆಚ್ಚಿನ ಹಣವಿಲ್ಲ, ಕಾದಿರಿಸದೆ ತಂದರೆ ಮಾತ್ರ 1,000 ಯೆನ್ ಕಟ್ಟಬೇಕು.

ನಿಶಿಕಸಾಯಿ ಅಡುಗೆಮನೆ

ನಾನು ಟೋಕಿಯೋದ ನಿಶಿಕಸಾಯಿಯಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ಮೂಲ ಹಾಸನದ ಕಡೆ. ನಿಮ್ಮ ಪ್ರಶ್ನೆ ಓದಿದ ತಕ್ಷಣ ನಮ್ಮಮ್ಮ ಬಂದಿದ್ದ ಮೊದಲ ಸಲ ನೆನಪಾಯಿತು, ಆದ್ದರಿಂದ ಉದ್ದಕ್ಕೆ ಬರೆಯುತ್ತೇನೆ.

ಊಟದ ವಿಷಯದಲ್ಲಿ ಒಂದು ಶಬ್ದ ಕಲಿಯಿರಿ: ದಶಿ. ಇದು ಜಪಾನಿ ಅಡುಗೆಯ ತಳ, ನಮ್ಮಲ್ಲಿ ಬೇಳೆಕಟ್ಟು ಇದ್ದ ಹಾಗೆ. ಕತ್ಸುಓ ಅನ್ನುವ ಮೀನನ್ನು ಒಣಗಿಸಿ, ಕಟ್ಟಿಗೆಯಷ್ಟು ಗಟ್ಟಿ ಮಾಡಿ, ತೆಳ್ಳಗೆ ಹೆರೆದು ಬಿಸಿನೀರಿನಲ್ಲಿ ಹಾಕಿ ಸೋಸುತ್ತಾರೆ. ತಿಳಿನೀರು, ಕಣ್ಣಿಗೆ ಏನೂ ಕಾಣಲ್ಲ. ಮಿಸೋ ಸೂಪಿನಲ್ಲಿ ಅದೇ, ಸೋಬಾ ಉದೋನ್ ಶಾವಿಗೆಯ ಸಾರಿನಲ್ಲಿ ಅದೇ, ತರಕಾರಿ ತೆಂಪುರಾದ ಜೊತೆ ಬರುವ ಅದ್ದುಗೆ ನೀರಿನಲ್ಲೂ ಅದೇ. ಇನಾರಿ ಅಂತ ಸಿಹಿ ತೋಫು ಚೀಲದೊಳಗೆ ಅನ್ನ ತುಂಬಿ ಕೊಡುತ್ತಾರೆ, ಆ ಚೀಲವನ್ನೂ ಸಾಮಾನ್ಯವಾಗಿ ದಶಿಯಲ್ಲಿ ಬೇಯಿಸಿರುತ್ತಾರೆ. ‘ಮಾಂಸ ಇಲ್ಲ ತಾನೇ?’ ಅಂತ ಕೇಳಿದರೆ ಅಂಗಡಿಯವರು ‘ಇಲ್ಲ’ ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅವರ ಲೆಕ್ಕದಲ್ಲಿ ಅದು ಮಾಂಸವಲ್ಲ, ಮೀನಿನ ತುಂಡೂ ಅಲ್ಲ, ಬರೀ ರುಚಿ.

ನಾನು ಬಂದ ಹೊಸದರಲ್ಲಿ ಇದು ನನಗೆ ಗೊತ್ತಿರಲಿಲ್ಲ. ಅಮ್ಮ ಬಂದಾಗ ಮನೆ ಹತ್ತಿರದ ಒಂದು ಸೋಬಾ ಅಂಗಡಿಗೆ ಎರಡು ದಿನ ಕರೆದುಕೊಂಡು ಹೋದೆ. ಚಳಿಗೆ ಹಿತವಾಗಿದೆ ಅಂತ ಅಮ್ಮ ಬಟ್ಟಲೆತ್ತಿ ಆ ನೀರನ್ನೂ ಕುಡಿದರು. ಮೂರನೇ ದಿನ ಆಫೀಸಿನಲ್ಲಿ ಜೊತೆಯವಳೊಬ್ಬಳು ದಶಿ ಅಂದರೇನು ಅಂತ ಬಿಡಿಸಿ ಹೇಳಿದಳು. ಅಮ್ಮನಿಗೆ ಹೇಳಲೋ ಬೇಡವೋ ಅಂತ ಒಂದು ರಾತ್ರಿಯೆಲ್ಲ ಒದ್ದಾಡಿ, ಬೆಳಿಗ್ಗೆ ಹೇಳಿದೆ. ಅವರು ಒಂದು ಮಾತೂ ಬೈಯಲಿಲ್ಲ. ಸ್ನಾನ ಮಾಡಿ ಬಂದು, ಆವತ್ತೆಲ್ಲ ಬಾಳೆಹಣ್ಣು ಹಾಲಿನಲ್ಲೇ ಇದ್ದರು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಇದನ್ನು ಇಲ್ಲಿ ಬರೆಯುತ್ತಿರುವುದು ನಿಮ್ಮಮ್ಮನಿಗೆ ಹಾಗಾಗಬಾರದು ಅಂತ.

ಹಾಗಾಗಿ ‘ವೆಜಿಟೇರಿಯನ್’ ಅಂತ ಹೇಳಿ ಸುಮ್ಮನಾಗಬೇಡಿ. ತಿನ್ನದ ವಸ್ತುವಿನ ಹೆಸರನ್ನೇ ಹೇಳಿ. ಮಾಂಸಕ್ಕೆ ನಿಕು, ಮೀನಿಗೆ ಸಕಾನಾ, ಮೊಟ್ಟೆಗೆ ತಮಾಗೋ, ಮೀನಿನ ಸಾರಕ್ಕೆ ಕತ್ಸುಓ ದಶಿ. ಕೊನೆಯಲ್ಲಿ ‘ತಬೆರಾರೆಮಾಸೆನ್’, ತಿನ್ನಲಾಗುವುದಿಲ್ಲ ಅಂತ. ಜಪಾನಿ ಬಲ್ಲವರಿಂದ ಇದನ್ನು ಅವರ ಲಿಪಿಯಲ್ಲಿ ಬರೆಸಿ, ಚೀಟಿ ಮಾಡಿ ಅಪ್ಪನ ಜೇಬಿನಲ್ಲೂ ಅಮ್ಮನ ಪರ್ಸಿನಲ್ಲೂ ಒಂದೊಂದು ಇಡಿ. ಚೀಟಿ ಓದಿ ಅಂಗಡಿಯವರು ಕೈಮುಗಿದು ‘ಆಗುವುದಿಲ್ಲ’ ಅಂದರೆ ಬೇಸರಿಸಬೇಡಿ, ಅದು ಪ್ರಾಮಾಣಿಕತೆ. ಮುಂದಿನ ಅಂಗಡಿಗೆ ಹೋಗಿ.

ದಿನನಿತ್ಯಕ್ಕೆ ನಾನು ಹೇಳುವ ದಾರಿ ಮೊಸರನ್ನ. ಮೂಲೆ ಮೂಲೆಗೂ ಇರುವ ಕನ್ವೀನಿಯನ್ಸ್ ಅಂಗಡಿಗಳಲ್ಲಿ ಬೇಯಿಸಿದ ಬರೀ ಅನ್ನದ ಪ್ಯಾಕೆಟ್ ಸಿಗುತ್ತದೆ, ಕೌಂಟರಿನಲ್ಲಿ ಕೇಳಿದರೆ ಬಿಸಿ ಮಾಡಿ ಕೊಡುತ್ತಾರೆ. ಸಕ್ಕರೆ ಇಲ್ಲದ ಗಟ್ಟಿ ಮೊಸರಿನ 400 ಗ್ರಾಂ ಡಬ್ಬಿಯೂ ಅಲ್ಲೇ. ಮೇಲೆ ‘ಮುತೋ’ ಅಂತ ಬರೆದಿದೆಯಾ ನೋಡಿ, ಸಿಹಿ ಹಾಕಿಲ್ಲ ಅಂತ ಅರ್ಥ. ಊರಿಂದ ತಂದ ಚಟ್ನಿಪುಡಿ, ಉಪ್ಪಿನಕಾಯಿ ಜೊತೆಗಿದ್ದರೆ ರಾತ್ರಿ ಊಟ ಮುಗಿಯಿತು. ಅನ್ನ ಅಂಟಂಟು, ಮೊಸರನ್ನಕ್ಕೆ ಅದೇ ಚೆನ್ನ. ಸೂಪರ್‌ಮಾರ್ಕೆಟ್ಟಿನ ಬಾಗಿಲ ಹತ್ತಿರ ಸುಟ್ಟ ಗೆಣಸು ಬಿಸಿಬಿಸಿ ಇಟ್ಟಿರುತ್ತಾರೆ, ನವೆಂಬರಿನಲ್ಲಿ ಖಂಡಿತ ಸಿಗುತ್ತದೆ. ಅಪ್ಪನಿಗೆ ಶುಗರ್ ಇರುವುದರಿಂದ ಅವರಿಗೆ ಅರ್ಧ ಸಾಕು, ಅದು ಬಲು ಸಿಹಿ.

ಹಸಿ ಕರಿಬೇವು, ಹಣ್ಣು, ತರಕಾರಿ ಒಂದೂ ತರಬೇಡಿ, ವಿಮಾನ ನಿಲ್ದಾಣದಲ್ಲಿ ತೆಗೆದುಕೊಳ್ಳುತ್ತಾರೆ. ಹುಳಿ ಅವಲಕ್ಕಿ, ಹುರಿಹಿಟ್ಟು, ಒಣ ಪುಡಿಗಳು ಸರಿ. ಏನು ತಂದಿದ್ದರೂ ಕಸ್ಟಮ್ಸ್ ಪತ್ರದಲ್ಲಿ ಮುಚ್ಚುಮರೆ ಬೇಡ. ನಿಶಿಕಸಾಯಿಯಲ್ಲಿ ಭಾರತೀಯರು ತುಂಬ ಇದ್ದೇವೆ, ದಿನಸಿ ಅಂಗಡಿಗಳಿವೆ, ದೋಸೆ ಇಡ್ಲಿಯೂ ಸಿಗುತ್ತದೆ. ತೋಝಾಯ್ ಲೈನ್ ಮೆಟ್ರೋ ಹಿಡಿದರೆ ಪಟ್ಟಣದ ಮಧ್ಯದಿಂದ ದೂರವಿಲ್ಲ. ಮೊದಲ ದಿನವೇ ಇಲ್ಲಿ ಒಂದು ಊಟ ಮಾಡಿಸಿ, ಅಮ್ಮನಿಗೆ ಧೈರ್ಯ ಬರುತ್ತದೆ.

ಇನ್ನು ಪೆಟ್ಟಿಗೆ. ಅದನ್ನು ನೀವು ಹೊರಲೇಬೇಡಿ. ತಕ್ಕ್ಯೂಬಿನ್ ಅನ್ನುವ ವ್ಯವಸ್ಥೆ ಇದೆ. ಟೋಕಿಯೋ ಹೋಟೆಲಿನ ಕೌಂಟರಿನಲ್ಲಿ ಬೆಳಿಗ್ಗೆ ಕೊಟ್ಟರೆ ಸಾಮಾನ್ಯವಾಗಿ ಮಾರನೇ ದಿನ ಕ್ಯೋಟೋ ಹೋಟೆಲಿನಲ್ಲಿ ಇರುತ್ತದೆ. ದೊಡ್ಡ ಪೆಟ್ಟಿಗೆಗೆ 2,000ದಿಂದ 3,000 ಯೆನ್. ಮಂಡಿನೋವಿರುವವರ ಜೊತೆ ಹೋಗುವಾಗ ಇಷ್ಟು ಒಳ್ಳೆಯ ಖರ್ಚು ಇನ್ನೊಂದಿಲ್ಲ. ಒಂದು ರಾತ್ರಿಯ ಬಟ್ಟೆ, ಎಲ್ಲ ಮಾತ್ರೆ, ಇನ್ಸುಲಿನ್ ಕೈಚೀಲದಲ್ಲೇ ಇರಲಿ. ನಿಲ್ದಾಣಗಳಲ್ಲಿ ಲಿಫ್ಟ್ ಇರುತ್ತದೆ, ಆದರೆ ಒಂದೇ ಮೂಲೆಯಲ್ಲಿರುತ್ತದೆ. ಯಾವ ಬಾಗಿಲಿನಿಂದ ಹೊರಬಿದ್ದರೆ ಲಿಫ್ಟ್ ಅನ್ನುವುದನ್ನು ಹಿಂದಿನ ರಾತ್ರಿಯೇ ನಿಲ್ದಾಣದ ನಕ್ಷೆಯಲ್ಲಿ ನೋಡಿಟ್ಟುಕೊಳ್ಳಿ. ಬೆಳಿಗ್ಗೆ ಏಳೂವರೆಯಿಂದ ಒಂಬತ್ತರವರೆಗೆ ಟೋಕಿಯೋದಲ್ಲಿ ಅವರನ್ನು ರೈಲು ಹತ್ತಿಸಬೇಡಿ.

ಕೊನೆಯದಾಗಿ, ಕ್ಯೋಟೋದ ಆರು ದಿನದಲ್ಲಿ ಒಂದನ್ನು ಕಡಿದು ಕೋಯಾಸಾನ್‌ಗೆ ಕೊಡಿ, ಅದು ಬೆಟ್ಟದ ಮೇಲಿನ ಬೌದ್ಧ ಮಠಗಳ ಊರು. ಒಸಾಕಾದ ನಂಬಾದಿಂದ ನಂಕಾಯ್ ರೈಲು, ಆಮೇಲೆ ಬೆಟ್ಟಕ್ಕೆ ಕೇಬಲ್ ಕಾರ್, ಅಲ್ಲಿಂದ ಬಸ್ಸು. ಅಲ್ಲಿನ ದೇವಾಲಯಗಳಲ್ಲೇ ರಾತ್ರಿ ಉಳಿಯಬಹುದು. ಊಟ ಶೋಜಿನ್ ರ್ಯೋರಿ, ಸನ್ಯಾಸಿಗಳ ಅಡುಗೆ: ಮೀನಿಲ್ಲ, ಮೊಟ್ಟೆಯಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ದಶಿ ಕೂಡ ಕೊಂಬು ಅನ್ನುವ ಕಡಲ ಸೊಪ್ಪಿನದು. ಆದರೂ ಕಾದಿರಿಸುವಾಗ ನಿಮ್ಮ ಚೀಟಿಯ ಮಾತನ್ನು ಬರೆದುಬಿಡಿ. ನಮ್ಮಮ್ಮ ಎರಡನೇ ಸಲ ಬಂದಾಗ ಅಲ್ಲಿಗೇ ಕರೆದೊಯ್ದೆ. ಬೆಳಿಗ್ಗೆ ಅಗ್ನಿಪೂಜೆ ನಡೆಯುತ್ತಿತ್ತು, ಅವರು ಅದಕ್ಕೆ ‘ಗೋಮಾ’ ಅನ್ನುತ್ತಾರೆ. ಸಮಿತ್ತಿನ ಹಾಗೆ ಕಡ್ಡಿ ಹಾಕುವುದನ್ನು ಅಮ್ಮ ಸ್ವಲ್ಪ ಹೊತ್ತು ನೋಡಿ, ‘ಇದು ಹೋಮ ಅಲ್ಲವೇನೇ?’ ಅಂದರು. ಹೌದು, ಆ ಪದವೇ ‘ಹೋಮ’ದಿಂದ ಬಂದದ್ದು. ಊರಿನ ಕೊನೆಗೆ ಓಕುನೋಯಿನ್ ಅಂತ ದೇವದಾರು ಮರಗಳ ನಡುವೆ ಎರಡು ಕಿಲೋಮೀಟರ್ ದಾರಿ, ಎರಡೂ ಕಡೆ ಲಕ್ಷಾಂತರ ಸಮಾಧಿಗಳು. ಆ ಮಠ ಕಟ್ಟಿದ ಕೂಕಾಯ್ ಸ್ವಾಮಿಗಳು ತೀರಿಕೊಂಡಿಲ್ಲ, ಒಳಗೆ ಧ್ಯಾನದಲ್ಲಿದ್ದಾರೆ ಅನ್ನುವ ನಂಬಿಕೆಯಿಂದ ಇವತ್ತಿಗೂ ದಿನಕ್ಕೆರಡು ಸಲ ಊಟ ಒಯ್ಯುತ್ತಾರೆ. ನಾನು ವಿವರಿಸಿ ಮುಗಿಸುವ ಮೊದಲೇ ಅಮ್ಮ ಚಪ್ಪಲಿ ಬಿಚ್ಚಿ, ‘ನಮ್ಮ ರಾಯರ ಹಾಗೆ’ ಅಂದು ನೆಲ ಮುಟ್ಟಿ ನಮಸ್ಕಾರ ಮಾಡಿದರು.

ತುಂಗೆಯ ದಡ

ಅಕ್ಕ, ಎರಡು ಸಲ ಓದಿದೆ, ಅಮ್ಮನಿಗೂ ಜೋರಾಗಿ ಓದಿ ಹೇಳಿದೆ. ನಿಮ್ಮಮ್ಮ ಬಾಳೆಹಣ್ಣು ತಿಂದು ಇದ್ದ ವಿಷಯ ಕೇಳಿ ಸುಮ್ಮನೆ ಕೂತರು. ಆಮೇಲೆ ಕೋಯಾಸಾನ್‌ಗೆ ಹೋಗಲೇಬೇಕು ಅಂದರು. ಅಲ್ಲಿ ನೆಲದ ಮೇಲೆ ಹಾಸಿಗೆ ಅಂತೆ, ಮಂಡಿಗೆ ಆಗುತ್ತಾ? ಇನ್ನೊಂದು, ಊರಿನ ಚಿಕ್ಕ ರೈಸ್ ಕುಕ್ಕರ್ ತರಬೇಕು ಅಂತ ಅಮ್ಮನ ಹಟ.

ದಾವಣಗೆರೆ ಔಷಧಾಲಯ

ಮಾತ್ರೆಗಳ ಬಗ್ಗೆ ನಾನು ಹೇಳುತ್ತೇನೆ, ಇದು ನನ್ನ ಕೆಲಸ. ವೈದ್ಯರು ಬರೆದುಕೊಟ್ಟ ಔಷಧಿ ಒಂದು ತಿಂಗಳಿಗಾಗುವಷ್ಟು ಸ್ವಂತಕ್ಕೆ ಒಯ್ಯಲು ಪರವಾನಗಿ ಬೇಕಿಲ್ಲ. ಅದಕ್ಕಿಂತ ಹೆಚ್ಚಾದರೆ ‘ಯುನ್ಯೂ ಕಕುನಿನ್‌ಶೋ’ ಅನ್ನುವ ಪತ್ರವನ್ನು ಹೊರಡುವ ಮೊದಲೇ ಪಡೆಯಬೇಕು. ಎರಡು ವಾರಕ್ಕೆ ಮೂರು ವಾರದ್ದು ಇಟ್ಟುಕೊಳ್ಳಿ, ಸಾಕು. ಇನ್ಸುಲಿನ್ ಪೆನ್ನಿಗೂ ಒಂದು ತಿಂಗಳ ಮಿತಿಯೇ.

ಮಾತ್ರೆಗಳನ್ನು ಸ್ಟ್ರಿಪ್‌ನಿಂದ ಬಿಡಿಸಿ ಡಬ್ಬಿಗೆ ಹಾಕಬೇಡಿ. ಕಂಪನಿ ಹೆಸರಲ್ಲದೆ ಮೂಲ ಔಷಧಿಯ ಹೆಸರನ್ನೂ ಬರೆದ ಚೀಟಿಯನ್ನು ವೈದ್ಯರಿಂದ ಇಂಗ್ಲಿಷಿನಲ್ಲಿ ಪಡೆಯಿರಿ. ಇನ್ನು ಎಲ್ಲರೂ ಮರೆಯುವುದು ನೆಗಡಿ ಮಾತ್ರೆ. ಸ್ಟ್ರಿಪ್ಪಿನ ಹಿಂದೆ ಸೂಡೋಎಫೆಡ್ರಿನ್ ಅಂತ ಇದ್ದರೆ ಮನೆಯಲ್ಲೇ ಬಿಡಿ. ಅದು ಶೇ. 10ಕ್ಕಿಂತ ಹೆಚ್ಚಿರುವ ಮಾತ್ರೆಗೆ ಜಪಾನಿನಲ್ಲಿ ನಿಷೇಧವಿದೆ. ಕೋಡೀನ್ ಇರುವ ಕೆಮ್ಮಿನ ಸಿರಪ್ಪೂ ಬೇಡ. ಪ್ಯಾರಾಸಿಟಮಾಲ್‌ಗೆ ತೊಂದರೆಯಿಲ್ಲ. ಪ್ರಯಾಣ ವಿಮೆಯನ್ನು ಬಿ.ಪಿ., ಶುಗರ್ ಇದೆ ಅಂತ ತಿಳಿಸಿಯೇ ಮಾಡಿಸಿ. ಮುಚ್ಚಿಟ್ಟು ಮಾಡಿಸಿದ ವಿಮೆ ಬೇಕಾದ ದಿನ ಕೈಕೊಡುತ್ತದೆ.

ನಿಶಿಕಸಾಯಿ ಅಡುಗೆಮನೆ

ಕುಕ್ಕರ್ ತರಬೇಡಿ. ಇಲ್ಲಿ ವಿದ್ಯುತ್ 100 ವೋಲ್ಟ್, ನಮ್ಮ ಊರಿನ 230ರ ಕುಕ್ಕರಿನಲ್ಲಿ ಅಕ್ಕಿ ಬೇಯುವುದೇ ಇಲ್ಲ. ಫೋನ್ ಚಾರ್ಜರಿಗೆ ‘100–240’ ಅಂತ ಬರೆದಿರುತ್ತದೆ, ಅದು ನಡೆಯುತ್ತದೆ. ಆದರೆ ಪಿನ್ನು ಎರಡು ಚಪ್ಪಟೆ ಕಡ್ಡಿಯದ್ದು, ಬೆಂಗಳೂರಿನಲ್ಲೇ ಎರಡು ಅಡಾಪ್ಟರ್ ಕೊಳ್ಳಿ. ನೀರು ಕಾಯಿಸುವ ಕೆಟಲ್ ಹೋಟೆಲ್ ಕೋಣೆಯಲ್ಲಿ ಸಾಮಾನ್ಯವಾಗಿ ಇರುತ್ತದೆ.

ಹಾಸಿಗೆ ವಿಷಯ ಅಮ್ಮ ಕೇಳಿದ್ದು ಸರಿ. ಕೋಯಾಸಾನ್‌ನಲ್ಲಿ ಹೆಚ್ಚಿನ ಕಡೆ ಚಾಪೆಯ ನೆಲ, ಅದರ ಮೇಲೆ ಹಾಸಿಗೆ. ನೆಲದಿಂದ ಏಳುವುದು ಕಷ್ಟ. ಮಂಚವಿರುವ ಕೋಣೆ ಇಟ್ಟ ದೇವಾಲಯಗಳೂ ಕೆಲವಿವೆ, ಕಾದಿರಿಸುವಾಗ ಅದನ್ನೇ ಹುಡುಕಿ. ಊಟಕ್ಕೂ ಪೂಜೆಗೂ ಕುಳ್ಳ ಕುರ್ಚಿ ಬೇಕು ಅಂತ ಮೊದಲೇ ಬರೆಯಿರಿ. ರಾತ್ರಿ ಊಟವನ್ನು ಐದೂವರೆ ಆರಕ್ಕೇ ಬಡಿಸುತ್ತಾರೆ, ಅಪ್ಪನ ಇನ್ಸುಲಿನ್ ಹೊತ್ತನ್ನು ಅದಕ್ಕೆ ಹೊಂದಿಸುವ ಬಗ್ಗೆ ಅವರ ಡಾಕ್ಟರನ್ನು ಕೇಳಿ. ಅಲ್ಲಿ 800 ಮೀಟರ್ ಎತ್ತರ, ನವೆಂಬರಿನಲ್ಲಿ ಬೆಳಗಿನ ಜಾವ ಚಳಿ ಕೊರೆಯುತ್ತದೆ. ಉಣ್ಣೆ ಕಾಲುಚೀಲ ತರಲಿ, ಒಳಗೆಲ್ಲ ಬರಿಗಾಲು.

ರೈಲು, ಬಸ್ಸಿಗೆ ನರಿತಾದಲ್ಲೇ ವೆಲ್‌ಕಮ್ ಸುಯಿಕಾ ಅನ್ನುವ, ಮೊದಲೇ ಹಣ ತುಂಬಿಸಿಟ್ಟು ಬಳಸುವ ಕಾರ್ಡ್ ಕೊಳ್ಳಿ, 28 ದಿನ ನಡೆಯುತ್ತದೆ. ಊರಿನಲ್ಲಿ ಕೊಂಡ ಆಂಡ್ರಾಯ್ಡ್ ಫೋನಿನೊಳಗೆ ಸುಯಿಕಾ ಕೂರುವುದಿಲ್ಲ. ನಗದಿಗೆ ಸೆವೆನ್ ಇಲೆವೆನ್ ಅಂಗಡಿಯೊಳಗಿನ ಎ.ಟಿ.ಎಂ. ಪಾಸ್‌ಪೋರ್ಟ್ ಮೂವರ ಮೈಮೇಲೂ ಸದಾ ಇರಲಿ, ಇಲ್ಲಿ ಅದು ಕಾನೂನು. ಆಂಬುಲೆನ್ಸಿಗೆ 119, ಪೊಲೀಸಿಗೆ 110. ಅಂದ ಹಾಗೆ ಶೌಚಾಲಯದ ಚಿಂತೆ ಬೇಡ. ನಿಲ್ದಾಣಗಳಲ್ಲಿ ಉಚಿತ, ಶುಚಿ, ಬಹುತೇಕ ಕಡೆ ನೀರೂ ಬರುತ್ತದೆ. ಕೈ ಒರೆಸಲು ಚಿಕ್ಕ ಟವೆಲ್ ಮಾತ್ರ ನೀವೇ ಇಟ್ಟುಕೊಳ್ಳಬೇಕು.

ತುಂಗೆಯ ದಡ

ಕುಕ್ಕರ್ ಪೆಟ್ಟಿಗೆಯಿಂದ ಹೊರಗೆ ಬಂತು ಅಕ್ಕ, ಆ ಜಾಗಕ್ಕೆ ಹುಳಿ ಅವಲಕ್ಕಿ ಹೋಯಿತು. ಅಪ್ಪನಿಗೆ ಇ ಸೀಟು. ವಾಪಸ್ ಹೊರಡುವ ದಿನ ನಮ್ಮ ವಿಮಾನ ಸಂಜೆ, ಬೆಳಗಿನ ಹೊತ್ತು ಖಾಲಿ. ಏನಾದರೂ ನೋಡಬಹುದಾ?

ನಿಶಿಕಸಾಯಿ ಅಡುಗೆಮನೆ

ನರಿತಾ ಊರಿಗೇ ಹೋಗಿ, ನರಿತಾಸಾನ್ ದೇವಾಲಯ ಇದೆ. ಅಲ್ಲೂ ಗೋಮಾ ದಿನಕ್ಕೆ ಹಲವು ಸಲ ನಡೆಯುತ್ತದೆ, ಯಾರು ಬೇಕಾದರೂ ಕೂತು ನೋಡಬಹುದು. ಪೆಟ್ಟಿಗೆಗಳನ್ನು ಹಿಂದಿನ ದಿನವೇ ವಿಮಾನ ನಿಲ್ದಾಣಕ್ಕೆ ತಲುಪುವ ಹಾಗೆ ಕಳಿಸಿಬಿಡಿ. ಒಂದು ಎಚ್ಚರಿಕೆ: ರೈಲು ನಿಲ್ದಾಣದಿಂದ ದೇವಾಲಯಕ್ಕೆ ಹೋಗುವ ಬೀದಿ ಹಾವುಮೀನಿನ ಹೋಟೆಲುಗಳಿಗೆ ಹೆಸರುವಾಸಿ, ಬೀದಿಗೆ ಕಾಣುವ ಹಾಗೆ ಕುಳಿತೇ ಕೊಯ್ಯುತ್ತಾರೆ. ಅಪ್ಪ-ಅಮ್ಮನನ್ನು ನಿಲ್ದಾಣದಿಂದ ಟ್ಯಾಕ್ಸಿಯಲ್ಲಿ ದೇವಾಲಯದ ಬಾಗಿಲಿಗೇ ಇಳಿಸಿ.